ವಾಣಿವಿಲಾಸ ಸಾಗರ ನೋಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

2022ರಲ್ಲಿ ಕೋಡಿ ಬಿದ್ದ ಮೇಲೆ ಹಿರಿಯೂರಿನ ಈ ಜಲಾಶಯದ ಬಗ್ಗೆ ವಿಚಾರಿಸುವವರು ಜಾಸ್ತಿ ಆಗಿದ್ದಾರೆ. ಎಲ್ಲರೂ ಮೊದಲು ಕೇಳುವುದು ಒಂದೇ ಮಾತು, "ಈಗ ತುಂಬಿದೆಯಾ?" ಎಂದು. ಬೇರೆ ಪ್ರಶ್ನೆಗಳೂ ಬರುತ್ತವೆ. ಗೊತ್ತಿರುವುದನ್ನೆಲ್ಲ ಒಂದೇ ಕಡೆ ಬರೆದಿದ್ದೇನೆ. ತುಂಬಿದಾಗ ಮಾತ್ರ ನೋಡಬೇಕಾದ ಜಾಗ ಇದಲ್ಲ ಅನ್ನುವುದು ನನ್ನ ಅಭಿಪ್ರಾಯ, ಅದು ಕೆಳಗಿನ ಉತ್ತರಗಳಲ್ಲೂ ಕಾಣುತ್ತದೆ.

ವಾಣಿವಿಲಾಸ ಸಾಗರ, ವಿವಿ ಸಾಗರ, ಮಾರಿಕಣಿವೆ, ಮೂರೂ ಒಂದೇನಾ?

ಒಂದೇ. ಸರ್ಕಾರಿ ಕಾಗದದಲ್ಲಿ ವಾಣಿವಿಲಾಸ ಸಾಗರ. ಬಸ್ಸಿನವರಿಗೆ, ಪೇಪರಿನವರಿಗೆ ವಿವಿ ಸಾಗರ. ಸುತ್ತಲಿನ ಹಳ್ಳಿಯವರಿಗೆ ಮಾರಿಕಣಿವೆ, ಇನ್ನೂ ಚಿಕ್ಕದಾಗಿ ಬರೀ ಕಣಿವೆ. ಅಣೆಕಟ್ಟಿನ ಪಕ್ಕದ ಊರು ವಾಣಿವಿಲಾಸಪುರ, ಜನ ವಿವಿ ಪುರ ಎನ್ನುತ್ತಾರೆ. ದಾರಿ ಕೇಳುವಾಗ ಯಾವ ಹೆಸರು ಹೇಳಿದರೂ ನಡೆಯುತ್ತದೆ.

ಎಲ್ಲಿದೆ? ಬೆಂಗಳೂರಿನಿಂದ ಹೇಗೆ ಹೋಗೋದು?

ಚಿತ್ರದುರ್ಗ ಜಿಲ್ಲೆ, ಹಿರಿಯೂರು ತಾಲ್ಲೂಕು. ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 48 ಹಿಡಿದು ನೆಲಮಂಗಲ, ತುಮಕೂರು, ಶಿರಾ ದಾಟಿದರೆ ಹಿರಿಯೂರು. ಅಲ್ಲಿಗೆ ಸುಮಾರು 160 ಕಿ.ಮೀ. ಊರೊಳಗೆ ಬಂದು ಎಡಕ್ಕೆ ಹೊಸದುರ್ಗದ ರಸ್ತೆ ಹಿಡಿಯಿರಿ. ಮುಂದೆ ಇಪ್ಪತ್ತು ಕಿ.ಮೀ. ಒಳಗೇ ಕಣಿವೆ. ಚಿತ್ರದುರ್ಗದ ಕಡೆಯಿಂದ ಬರುವವರು ಹಿರಿಯೂರಿಗೆ ಸುಮಾರು 40 ಕಿ.ಮೀ. ಬಂದು ಇದೇ ರಸ್ತೆಗೆ ತಿರುಗಬೇಕು. ಮುಂಜಾನೆ ಬೆಂಗಳೂರು ಬಿಟ್ಟರೆ ಬಿಸಿಲು ಏರುವ ಮುಂಚೆ ತಲುಪಬಹುದು.

ಸ್ವಂತ ಗಾಡಿ ಇಲ್ಲ, ಬಸ್ಸು ರೈಲಿನಲ್ಲಿ ಆಗುತ್ತಾ?

ಬಸ್ಸಿನಲ್ಲಿ ಆರಾಮವಾಗಿ ಆಗುತ್ತದೆ. ಬೆಂಗಳೂರಿನಿಂದ ದಾವಣಗೆರೆ, ಹುಬ್ಬಳ್ಳಿ ಕಡೆ ಹೋಗುವ ಬಸ್ಸುಗಳು ಹಿರಿಯೂರಿನ ಮೇಲೇ ಹೋಗುತ್ತವೆ. ಆದರೆ ಕೆಲವು ಬಸ್ಸುಗಳು ಊರೊಳಗೆ ಬರದೆ ಬೈಪಾಸಿನಲ್ಲೇ ಇಳಿಸುತ್ತವೆ, ಹತ್ತುವಾಗಲೇ ಕಂಡಕ್ಟರನ್ನು ಕೇಳಿಕೊಳ್ಳಿ. ಹಿರಿಯೂರು ಬಸ್ ಸ್ಟ್ಯಾಂಡಿನಿಂದ ವಿವಿ ಪುರಕ್ಕೆ, ಹೊಸದುರ್ಗಕ್ಕೆ ಬಸ್ಸು ಸಿಗುತ್ತವೆ. ವಾಪಸ್ ಬರುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಇಳಿದ ಕೂಡಲೇ ವಿಚಾರಿಸಿ, ಕತ್ತಲಾದ ಮೇಲೆ ಅಲ್ಲಿ ಆಟೋ ಹುಡುಕುವುದು ಕಷ್ಟ. ರೈಲಿಗೆ ಬಂದರೆ ಚಿತ್ರದುರ್ಗದಲ್ಲೋ ಹೊಸದುರ್ಗ ರೋಡ್‌ನಲ್ಲೋ ಇಳಿದು ಮತ್ತೆ ಬಸ್ಸು ಹಿಡಿಯಬೇಕು, ಅಷ್ಟು ಸುತ್ತಿಗಿಂತ ನೇರ ಬಸ್ಸೇ ವಾಸಿ.

ಈ ಅಣೆಕಟ್ಟು ಕಟ್ಟಿಸಿದ್ದು ವಿಶ್ವೇಶ್ವರಯ್ಯನವರಲ್ವಾ?

ಅಲ್ಲ. ತುಂಬಾ ಜನ ಹಾಗೇ ಅಂದುಕೊಂಡಿದ್ದಾರೆ. ಮೈಸೂರು ಸೀಮೆಯಲ್ಲಿ ಹಳೇ ಅಣೆಕಟ್ಟು ಯಾವುದು ಕಂಡರೂ ಅವರ ಹೆಸರೇ ಬಾಯಿಗೆ ಬರುತ್ತದೆ. ಆದರೆ ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನಕ್ಕೆ ಮುಖ್ಯ ಇಂಜಿನಿಯರ್ ಆಗಿ ಬಂದದ್ದು 1909ರಲ್ಲಿ. ಮಾರಿಕಣಿವೆಯ ಕೆಲಸ 1907ಕ್ಕೇ ಮುಗಿದಿತ್ತು. ಕೆಆರ್‌ಎಸ್ ಕೆಲಸ ಶುರುವಾದದ್ದು ಅದಾದ ಮೇಲೆ, 1911ರಲ್ಲಿ.

ಇದರ ಹಿಂದೆ ಇರುವುದು ಒಂದು ಬರ. 1876ರಿಂದ 78ರ ಆ ಬರದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐದರಲ್ಲಿ ಒಂದು ಪಾಲು ಜನ ಸತ್ತರು ಎಂದು ಲೆಕ್ಕ ಹೇಳುತ್ತಾರೆ. ಹಿರಿಯೂರು, ಚಳ್ಳಕೆರೆ ಕಡೆ ಮಳೆ ಮೊದಲೇ ಕಡಿಮೆ. ಮಲೆನಾಡಿನ ಗುಡ್ಡಗಳು ಮೋಡದ ನೀರನ್ನೆಲ್ಲ ಇಳಿಸಿಕೊಂಡು ಮಿಕ್ಕ ಗಾಳಿಯನ್ನು ಈ ಕಡೆಗೆ ಬಿಡುತ್ತವೆ. ಹೀಗಾಗಿ ಮಳೆ ಬಂದಾಗ ಹರಿಯುವ ವೇದಾವತಿಯನ್ನು ಹಿಡಿದಿಟ್ಟುಕೊಳ್ಳುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. 1883ರಿಂದ 1901ರವರೆಗೆ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೆಲಸ ಕೈಗೆತ್ತಿಕೊಂಡರು. ಆಗ ಗದ್ದುಗೆ ನೋಡಿಕೊಳ್ಳುತ್ತಿದ್ದವರು ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ಗಂಡ ಚಾಮರಾಜೇಂದ್ರ ಒಡೆಯರು 1894ರ ಕೊನೆಯಲ್ಲಿ ತೀರಿಕೊಂಡರು, ಮಗ ನಾಲ್ವಡಿಯವರು ಇನ್ನೂ ಚಿಕ್ಕ ಹುಡುಗ. 1902ರಲ್ಲಿ ಮಗನ ಕೈಗೆ ಅಧಿಕಾರ ಕೊಡುವವರೆಗೂ ಆ ತಾಯಿಯೇ ರಾಜ್ಯ ನಡೆಸಿದರು. ಅವರ ಬಿರುದು ವಾಣಿವಿಲಾಸ ಸನ್ನಿಧಾನ, ಜಲಾಶಯಕ್ಕೆ ಅದೇ ಹೆಸರು. ಕಟ್ಟೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಮಕ್ಕಳಿಗೆ ಈ ಹೆಣ್ಣುಮಗಳ ವಿಷಯ ಹೇಳಿ. ಪಾಠದ ಪುಸ್ತಕದಲ್ಲಿ ಅವರ ಬಗ್ಗೆ ಸಿಗುವುದು ತೀರಾ ಕಡಿಮೆ.

89 ವರ್ಷ ತುಂಬಲೇ ಇಲ್ಲ ಅಂತಾರೆ, ನಿಜಾನಾ?

ನಿಜ. 1933ರಲ್ಲಿ ಮೊದಲ ಸಲ ಕೋಡಿ ಬಿತ್ತು. ಆಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್ ಆರಂಭದಲ್ಲಿ. ಮಧ್ಯೆ ಎರಡು ಮೂರು ತಲೆಮಾರು ಕೋಡಿ ನೋಡದೇ ಹೋದವು. ಆವತ್ತು ಹಿರಿಯೂರಿನಲ್ಲಿ ಎಷ್ಟೋ ಮನೆಗಳವರು ಅಜ್ಜ ಅಜ್ಜಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಕರೆದುಕೊಂಡು ಹೋಗಿ ತೋರಿಸಿದರು. 2025ರ ಜನವರಿಯಲ್ಲಿ ಮತ್ತೆ ತುಂಬಿತು.

ಯಾಕೆ ಇಷ್ಟು ತಡ? ಒಂದನೆಯದು, ಪಾತ್ರೆಯೇ ದೊಡ್ಡದು. ಸುಮಾರು 30 ಟಿಎಂಸಿ ಹಿಡಿಯುತ್ತದೆ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಲೀಟರಿನಲ್ಲಿ 2,830 ಕೋಟಿಗೂ ಮೇಲೆ. ಕೆಆರ್‌ಎಸ್ ಹಿಡಿಯುವುದು 49 ಟಿಎಂಸಿ ಚಿಲ್ಲರೆ. ಆದರೆ ಕೆಆರ್‌ಎಸ್‌ಗೆ ಕೊಡಗಿನ ಮಳೆ ಇದೆ, ಇದಕ್ಕೆ ಅಂಥ ಭಾಗ್ಯ ಇಲ್ಲ. ಬಾಬಾಬುಡನ್‌ಗಿರಿ ಸಾಲಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಕಡೂರಿನ ಕಡೆ ಕೂಡಿ ವೇದಾವತಿಯಾಗಿ ಇಲ್ಲಿಗೆ ಬರುತ್ತವೆ. ದಾರಿಯಲ್ಲಿ ಅಯ್ಯನಕೆರೆ, ಮದಗದ ಕೆರೆಯಂಥ ದೊಡ್ಡ ಕೆರೆಗಳಿವೆ, ಸಣ್ಣ ಕೆರೆಗಳಂತೂ ಲೆಕ್ಕವಿಲ್ಲ. ಅವೆಲ್ಲ ತುಂಬಿ ಮಿಕ್ಕಿದ್ದು ಮಾತ್ರ ಕಣಿವೆಗೆ ಸೇರಬೇಕು. ಕಾಲ ಕಳೆದಂತೆ ಚೆಕ್ ಡ್ಯಾಂ, ಕೊಳವೆಬಾವಿ ಎಲ್ಲ ಬಂದವು, ಒಳಹರಿವು ಇನ್ನೂ ಕಡಿಮೆ ಆಯಿತು. 2017ರ ಸುಮಾರಿಗಂತೂ ನೀರು ಡೆಡ್ ಸ್ಟೋರೇಜ್ ಮಟ್ಟಕ್ಕೆ, ಅಂದರೆ ತೂಬಿನಿಂದ ಹೊರಗೆ ಬಿಡಲಾಗದ ತಳಮಟ್ಟಕ್ಕೆ ಇಳಿದು, ಕುಡಿಯುವ ನೀರಿಗೂ ಏನು ಗತಿ ಅಂತ ಜಿಲ್ಲೆಯವರೆಲ್ಲ ಹೆದರಿದ್ದರು.

ಹಾಗಾದರೆ ಈಗ ಹೇಗೆ ತುಂಬುತ್ತಿದೆ ಅಂದರೆ, ಕಾರಣ ಎರಡು. ಒಂದು, ಒಳ್ಳೆಯ ಮಳೆ. ಇನ್ನೊಂದು, ಭದ್ರಾ ಮೇಲ್ದಂಡೆ ಯೋಜನೆ. ಭದ್ರಾ ಜಲಾಶಯದ ನೀರನ್ನು ಪಂಪ್ ಮಾಡಿ ಮೇಲೆತ್ತಿ, ಅಜ್ಜಂಪುರದ ಹತ್ತಿರ ಗುಡ್ಡ ಕೊರೆದು ಮಾಡಿದ ಸುಮಾರು 7 ಕಿ.ಮೀ. ಸುರಂಗದಲ್ಲಿ ದಾಟಿಸಿ, ಹಳ್ಳಗಳ ಮೂಲಕ ವೇದಾವತಿಗೆ ಬಿಡುತ್ತಾರೆ. 2019ರಿಂದ ಆ ನೀರು ಬರುತ್ತಿದೆ. ಇದಕ್ಕಾಗಿ ಈ ಜಿಲ್ಲೆಯ ರೈತರು ವರ್ಷಗಟ್ಟಲೆ ಹೋರಾಟ ಮಾಡಿದ್ದಾರೆ, ಧರಣಿ ಕೂತಿದ್ದಾರೆ. ಕೋಡಿಯ ವಿಡಿಯೋ ನೋಡಿ ಬರುವವರಿಗೆ ಈ ವಿಷಯ ಗೊತ್ತಿರಲಿ ಅನ್ನುವುದು ನನ್ನ ಆಸೆ.

ಗೇಟ್ ತೆಗೆದು ನೀರು ಬಿಡೋದನ್ನ ನೋಡಬಹುದಾ?

ಕೆಆರ್‌ಎಸ್‌ನಲ್ಲೋ ತುಂಗಭದ್ರಾದಲ್ಲೋ ಸಾಲಾಗಿ ಗೇಟ್ ಎತ್ತುತ್ತಾರಲ್ಲ, ಅಂಥದ್ದು ಇಲ್ಲಿ ಇಲ್ಲ. ಹಳ್ಳಿ ಕೆರೆಯ ಲೆಕ್ಕವೇ ಇಲ್ಲೂ. ಮಟ್ಟ 130 ಅಡಿ ದಾಟಿದರೆ ಹೆಚ್ಚಾದ ನೀರು ಪಕ್ಕದ ಕೋಡಿಯ ಮೇಲೆ ತಾನಾಗಿ ಹರಿದು ಹೋಗುತ್ತದೆ. ಯಾರೂ ಬಟನ್ ಒತ್ತುವುದಿಲ್ಲ. ನಾಲೆಗೆ ಬಿಡುವ ನೀರಿಗೆ ಮಾತ್ರ ತೂಬುಗಳಿವೆ. ಹಾಗಾಗಿ ನೀರು ಧುಮುಕುವುದನ್ನು ನೋಡಬೇಕು ಅಂದರೆ ಅಣೆಕಟ್ಟಿನ ಹತ್ತಿರ ಅಲ್ಲ, ಕೋಡಿಯ ಹತ್ತಿರ ನಿಲ್ಲಬೇಕು, ಅದೂ ತುಂಬಿದ ವರ್ಷ ಮಾತ್ರ.

ಕೋಡಿ ಬಿದ್ದ ಶನಿವಾರ, ಭಾನುವಾರ ಹೋಗಬೇಡಿ ಅಂತಲೇ ಹೇಳುತ್ತೇನೆ. ರಸ್ತೆ ಚಿಕ್ಕದು, ಗಾಡಿ ಸಾಲು ನಿಂತರೆ ಹಳ್ಳಿಯವರು ಆಸ್ಪತ್ರೆಗೆ ಹೋಗುವುದಕ್ಕೂ ದಾರಿ ಇರುವುದಿಲ್ಲ. ವಾರದ ಮಧ್ಯೆ ಬೆಳಿಗ್ಗೆ ಬನ್ನಿ. ಪೊಲೀಸರು ಒಂದು ಕಡೆ ತಡೆದರೆ ಅಲ್ಲೇ ನಿಲ್ಲಿಸಿ ನಡೆದು ಹೋಗಿ. ಹರಿಯುವ ನೀರಿಗೆ ಇಳಿದು ಸೆಲ್ಫಿ ತೆಗೆಯುವವರನ್ನು ನೋಡಿದರೆ ಎದೆ ಝಲ್ ಎನ್ನುತ್ತದೆ. ಮೊಣಕಾಲು ಮಟ್ಟದ ನೀರೇ ಸಾಕು, ಪಾಚಿ ಹಿಡಿದ ಕಲ್ಲಿನ ಮೇಲೆ ಕಾಲು ನಿಲ್ಲುವುದಿಲ್ಲ.

ಈಗ ಎಷ್ಟು ನೀರಿದೆ ಅಂತ ತಿಳಿಯೋದು ಹೇಗೆ?

ಮಳೆಗಾಲದಲ್ಲಿ ಚಿತ್ರದುರ್ಗ ಜಿಲ್ಲೆಯ ಪುಟ ಇರುವ ಯಾವ ಪೇಪರ್ ತೆಗೆದರೂ ಸಿಗುತ್ತದೆ. ಇಂದಿನ ಮಟ್ಟ, ಗರಿಷ್ಠ ಮಟ್ಟ, ಒಳಹರಿವು ಇಷ್ಟು ಕ್ಯೂಸೆಕ್ (ಸೆಕೆಂಡಿಗೆ ಇಷ್ಟು ಘನ ಅಡಿ) ಅಂತ ಹಾಕುತ್ತಾರೆ. ಒಂದು ವಿಷಯ ಗಮನಿಸಿ: 120 ಅಡಿ ಅಂದರೆ ಇನ್ನು ಹತ್ತೇ ಅಡಿ, ನಾಳೆ ನಾಡಿದ್ದು ತುಂಬುತ್ತದೆ ಅನ್ನಿಸುತ್ತದೆ. ಹಾಗಲ್ಲ. ಕಣಿವೆ ಕೆಳಗೆ ಇಕ್ಕಟ್ಟು, ಮೇಲೆ ಹೋದಂತೆ ಹಿನ್ನೀರು ಹರಡುತ್ತಾ ಹೋಗುತ್ತದೆ. ಮೇಲಿನ ಹತ್ತು ಅಡಿ ಹಿಡಿಯುವ ನೀರು ತಳದ ಹತ್ತು ಅಡಿಗಿಂತ ಎಷ್ಟೋ ಪಟ್ಟು ಜಾಸ್ತಿ. ಕೊನೆಯ ಅಡಿಗಳಿಗೆ ವಾರಗಟ್ಟಲೆ ಹಿಡಿಯುತ್ತದೆ.

ಯಾವ ತಿಂಗಳು ಒಳ್ಳೇದು?

ಅಕ್ಟೋಬರ್‌ನಿಂದ ಜನವರಿ. ಮಳೆ ನಿಂತು ಗುಡ್ಡಗಳು ಇನ್ನೂ ಹಸಿರಾಗಿರುತ್ತವೆ, ಜಲಾಶಯದಲ್ಲೂ ವರ್ಷದ ಒಳ್ಳೆಯ ಮಟ್ಟ ಇರುತ್ತದೆ. ಮಾರ್ಚ್ ನಂತರ ಬಿಸಿಲು ತಡೆಯುವುದು ಕಷ್ಟ. ಕಲ್ಲು ಕಾದಿರುತ್ತದೆ, ಕಟ್ಟೆಯ ಮೇಲೆ ನೆರಳು ಕಡಿಮೆ.

ತುಂಬಿಲ್ಲದಿದ್ದರೆ ಸುಮ್ನೆ ಅಷ್ಟು ದೂರ ಹೋಗೋದು ದಂಡ ಅಲ್ವಾ?

ನನಗೆ ಖಂಡಿತ ಹಾಗೆ ಅನ್ನಿಸುವುದಿಲ್ಲ. ನೀರು ಕಡಿಮೆ ಇದ್ದಾಗಲೇ ಅಣೆಕಟ್ಟು ಚೆನ್ನಾಗಿ ಕಾಣುತ್ತದೆ. ಕಟ್ಟಿದವರು ಜಾಗ ಆರಿಸಿದ್ದು ನೋಡಿ. ಎರಡು ಕಡೆಯ ಗುಡ್ಡಗಳು ಹತ್ತಿರ ಬಂದು, ಮಧ್ಯೆ ನದಿ ನುಸುಳಿ ಹೋಗುವಷ್ಟೇ ಸಂದಿ. ಆ ಸಂದಿಗೆ ಗೋಡೆ ಹಾಕಿದರು. ಗೋಡೆಯ ಉದ್ದ ಸುಮಾರು 1,330 ಅಡಿ, ಅಂದರೆ 405 ಮೀಟರ್ ಅಷ್ಟೇ. ಕೆಆರ್‌ಎಸ್ ಕಟ್ಟೆ ಎರಡೂವರೆ ಕಿ.ಮೀ.ಗಿಂತ ಉದ್ದ ಇದೆ. ಇಷ್ಟು ಗಿಡ್ಡ ಗೋಡೆಯಿಂದ 30 ಟಿಎಂಸಿ ನಿಲ್ಲಿಸಿದ್ದಾರೆ ಅಂದರೆ, ಆ ಕಾಲದಲ್ಲಿ ಗುಡ್ಡ ಹತ್ತಿ ಇಳಿದು ಅಳತೆ ಮಾಡಿದವರ ಕಣ್ಣು ಎಷ್ಟು ಚುರುಕಿರಬೇಕು ಯೋಚಿಸಿ.

ಗೋಡೆಯ ಕೆಳಗಿನ ಕಡೆ, ಅಂದರೆ ನೀರಿಲ್ಲದ ಕಡೆಯಿಂದ ಒಮ್ಮೆ ನೋಡಿ. ಬುಡ ದಪ್ಪ, ಮೇಲೆ ಹೋದಂತೆ ಸಣ್ಣ. ಆಳ ಹೆಚ್ಚಿದಂತೆ ನೀರು ತಳ್ಳುವ ಬಲವೂ ಹೆಚ್ಚುತ್ತದೆ, ಅದಕ್ಕೆ ತಕ್ಕಂತೆ ಕಲ್ಲಿನ ಭಾರವನ್ನು ಬುಡದಲ್ಲಿ ಇಟ್ಟಿದ್ದಾರೆ. ಒಳಗೆ ಕಬ್ಬಿಣದ ಸರಳಿಲ್ಲ, ತನ್ನ ಭಾರದಿಂದಲೇ ನಿಂತಿರುವ ಕಟ್ಟೆ. ನಮ್ಮ ದೇಶದಲ್ಲಿ ಸಿಮೆಂಟ್ ಕಾರ್ಖಾನೆಗಳು ಇನ್ನೂ ನೆಲೆಯೂರದ ಕಾಲ ಅದು. ಕಲ್ಲು ಮತ್ತು ಗಾರೆಯಲ್ಲೇ ಕೆಲಸ ಆಯಿತು. ಕಟ್ಟೆಯ ಮೇಲಿನ ಮಂಟಪಗಳನ್ನೂ ಬಿಡಬೇಡಿ. ನೀರು ನಿಲ್ಲಿಸುವುದಕ್ಕೆ ಮಂಟಪ ಬೇಕಾಗಿರಲಿಲ್ಲ, ಆದರೂ ಕಟ್ಟಿದರು. ಚೆಂದವಾಗಿರಬೇಕು ಅನ್ನುವ ಮನಸ್ಸು ಅದು.

ಕಟ್ಟೆಯ ಮೇಲೆ ನಡೆಯಬಹುದಾ? ಡ್ರೋನ್ ಹಾರಿಸಬಹುದಾ?

ಒಳಗೆ ಬಿಡುವ ವಿಷಯದಲ್ಲಿ ಅಲ್ಲಿನ ಸಿಬ್ಬಂದಿ ಹೇಳಿದ್ದೇ ಕೊನೆ. ಜನ ಜಾಸ್ತಿ ಇದ್ದಾಗ, ನೀರು ಪೂರ್ತಿ ಇದ್ದಾಗ ನಿರ್ಬಂಧ ಹಾಕುತ್ತಾರೆ. ವಾದ ಮಾಡಬೇಡಿ, ನೂರು ವರ್ಷ ದಾಟಿದ ಕಟ್ಟೆ ಅದು. ಡ್ರೋನಿಗೆ ಮೊದಲೇ ಅನುಮತಿ ಬೇಕು, ಇಲ್ಲದಿದ್ದರೆ ಬ್ಯಾಗಿನಲ್ಲೇ ಇರಲಿ.

ಭಾರತದ ನಕ್ಷೆ ತರ ಕಾಣುತ್ತೆ ಅಂತಾರಲ್ಲ, ಅದು ಎಲ್ಲಿಂದ?

ಪಕ್ಕದ ಗುಡ್ಡದ ಮೇಲಿನಿಂದ ನೋಡಿದರೆ ನೀರಿನ ಅಂಚು ಹಾಗೆ ಕಾಣುತ್ತದೆ ಅಂತ ಜನ ಹೇಳುತ್ತಾರೆ. ನೀರಿನ ಮಟ್ಟ ಬದಲಾದಂತೆ ಆಕಾರವೂ ಬದಲಾಗುತ್ತದೆ, ಅದೇ ಫೋಟೋ ನಿಮಗೂ ಸಿಗಬೇಕು ಅಂತ ಇಲ್ಲ. ನಕ್ಷೆ ಕಾಣದಿದ್ದರೂ ಮೇಲಿನಿಂದ ಹಿನ್ನೀರು ಚೆನ್ನಾಗಿ ಕಾಣುತ್ತದೆ. ಒಬ್ಬರೇ ಹೋಗಬೇಡಿ, ಬೆಳಕಿರುವಾಗಲೇ ಇಳಿದುಬಿಡಿ. ಈ ಭಾಗದ ಕುರುಚಲು ಕಾಡಿನಲ್ಲಿ ಚಿರತೆ, ಕರಡಿ ಇವೆ.

ನೀರಿಗೆ ಇಳಿಯಬಹುದಾ? ಮಕ್ಕಳು ಈಜಬೇಕು ಅಂತಾರೆ.

ಬೇಡ. ದಡದಿಂದ ಎರಡು ಹೆಜ್ಜೆ ಮುಂದೆ ಆಳ ಎಷ್ಟಿದೆ ಅಂತ ನೋಡಿದರೆ ಗೊತ್ತಾಗುವುದಿಲ್ಲ, ಕೆಸರು ಬೇರೆ. ಇನ್ನೊಂದು ಮಾತು, ಇದು ಚಿತ್ರದುರ್ಗ, ಹಿರಿಯೂರಿನಂಥ ಊರುಗಳು ಕುಡಿಯುವ ನೀರು. ಊಟದ ತಟ್ಟೆ, ಬಾಟಲಿ, ಬಿಯರ್ ಸೀಸೆ ಎಲ್ಲ ದಡದಲ್ಲಿ ಬಿಟ್ಟು ಹೋಗುವವರು ಇದನ್ನು ನೆನಪಿಟ್ಟುಕೊಳ್ಳಲಿ. ತಂದದ್ದನ್ನು ವಾಪಸ್ ಒಯ್ಯಿರಿ.

ದೇವಸ್ಥಾನ ಇದೆಯಂತೆ?

ಇದೆ, ಕಣಿವೆ ಮಾರಮ್ಮ. ಮಾರಿಕಣಿವೆ ಅನ್ನುವ ಹೆಸರು ಬಂದದ್ದೂ ಈ ತಾಯಿಯಿಂದಲೇ. ಸುತ್ತಲಿನವರು ಮೊದಲು ಅಮ್ಮನಿಗೆ ಕೈಮುಗಿದೇ ನೀರು ನೋಡಲು ಹೋಗುವುದು. ಜಲಾಶಯ ತುಂಬಿದ ವರ್ಷ ಗಂಗಮ್ಮನಿಗೆ ಬಾಗಿನ ಅರ್ಪಿಸುತ್ತಾರೆ. ಸರ್ಕಾರದವರ ಬಾಗಿನದ ಸುದ್ದಿ ಟಿವಿಯಲ್ಲಿ ಬರುತ್ತದೆ. ಹಳ್ಳಿಯ ಹೆಣ್ಣುಮಕ್ಕಳು ಅರಿಶಿನ ಕುಂಕುಮ, ಬಳೆ ಇಟ್ಟು ತಾವೇ ಬಾಗಿನ ಬಿಡುವುದನ್ನು ನೋಡುವ ಅವಕಾಶ ಸಿಕ್ಕರೆ ಪುಣ್ಯ.

ಕೆಆರ್‌ಎಸ್ ತರ ಗಾರ್ಡನ್, ಲೈಟಿಂಗ್?

ಬೃಂದಾವನದಂಥದ್ದು ಇಲ್ಲ. ಅದನ್ನು ನೆನೆಸಿಕೊಂಡು ಬಂದರೆ ಬೇಜಾರಾಗುತ್ತದೆ.

ಊಟಕ್ಕೆ, ಉಳಿಯೋಕೆ?

ವಿವಿ ಪುರದ ಕಡೆ ಸಣ್ಣ ಹೋಟೆಲುಗಳಿವೆ, ಮೀನು ತಿನ್ನುವವರು ಜಲಾಶಯದ ಮೀನು ಕೇಳಿ ನೋಡಿ. ಸಸ್ಯಾಹಾರಿಗಳು ಹಿರಿಯೂರಿನಲ್ಲೇ ಊಟ ಮುಗಿಸಿಕೊಂಡು ಹೊರಡುವುದು ಒಳ್ಳೆಯದು. ಕುಡಿಯುವ ನೀರು ಜೊತೆಗೇ ಇರಲಿ. ಉಳಿಯಲು ಹಿರಿಯೂರಿನಲ್ಲಿ ಲಾಡ್ಜುಗಳಿವೆ, ಇನ್ನೂ ಅನುಕೂಲ ಬೇಕೆಂದರೆ ಚಿತ್ರದುರ್ಗ.

ಈ ನೀರು ಎಲ್ಲಿಗೆ ಹೋಗುತ್ತೆ?

ಎಡದಂಡೆ, ಬಲದಂಡೆ ಎಂದು ಎರಡು ನಾಲೆ. ಹಿರಿಯೂರು ತಾಲ್ಲೂಕಿನ ಅಚ್ಚುಕಟ್ಟಿಗೆ ಅವೇ ಆಧಾರ. ರಸ್ತೆಯ ಒಂದು ಕಡೆ ಬಟಾಬಯಲು, ಇನ್ನೊಂದು ಕಡೆ ತೆಂಗು ಅಡಿಕೆ ತೋಟ ಕಂಡರೆ ಮಧ್ಯೆ ನಾಲೆ ಇದೆ ಅಂತಲೇ ತಿಳಿಯಿರಿ. ನದಿ ಮುಂದೆ ಚಳ್ಳಕೆರೆ ಕಡೆ ಹೋಗಿ, ಆಂಧ್ರದ ಭೈರವಾನಿತಿಪ್ಪ ಜಲಾಶಯ ಮುಟ್ಟಿ, ಮತ್ತೆ ಬಳ್ಳಾರಿ ಸೀಮೆಗೆ ಬಂದು ತುಂಗಭದ್ರೆಗೆ ಸೇರುತ್ತದೆ. ಆ ಕಡೆಯವರು ಇದನ್ನೇ ಹಗರಿ ಎನ್ನುತ್ತಾರೆ.

ತುಂಬಿದರೆ ಎಲ್ಲರಿಗೂ ಖುಷಿ ತಾನೇ?

ಎಲ್ಲರಿಗೂ ಅಲ್ಲ. ಹಿನ್ನೀರು ಹೊಸದುರ್ಗ ತಾಲ್ಲೂಕಿನವರೆಗೆ ಚಾಚುತ್ತದೆ. ಎಷ್ಟೋ ದಶಕ ನೀರು ಬಾರದೇ ಇದ್ದ ಜಮೀನಿನಲ್ಲಿ ಜನ ತೋಟ ಮಾಡಿಕೊಂಡಿದ್ದರು, ಮನೆ ಕಟ್ಟಿಕೊಂಡಿದ್ದರು. 2022ರಲ್ಲಿ ಆ ತೋಟಗಳಿಗೆ ನೀರು ನುಗ್ಗಿತು. ಅಚ್ಚುಕಟ್ಟಿನವರಿಗೆ ಬೇಕಾದ 130 ಅಡಿ ಹಿನ್ನೀರಿನವರಿಗೆ ನಷ್ಟ. ಇಬ್ಬರದೂ ನ್ಯಾಯವೇ. ಹಿನ್ನೀರಿನ ಕಡೆ ಫೋಟೋ ತೆಗೆಯಲು ಹೋಗುವವರು ಮುಳುಗಿದ ಅಡಿಕೆ ಮರಗಳ ಮುಂದೆ ರೀಲ್ಸ್ ಮಾಡುವ ಮೊದಲು ಆ ಜಮೀನಿನವರ ಸಂಕಟವನ್ನು ಒಂದು ಸಲ ಕೇಳಿ.

ಒಂದೇ ದಿನದಲ್ಲಿ ಇನ್ನೇನು ನೋಡಬಹುದು?

ಹಿರಿಯೂರಿನಲ್ಲೇ ತೇರುಮಲ್ಲೇಶ್ವರ ದೇವಸ್ಥಾನ ಇದೆ, ತಪ್ಪಿಸಬೇಡಿ. ಹೊಸದುರ್ಗದ ಕಡೆ ಹೋಗುವವರಿಗೆ ಹಾಲುರಾಮೇಶ್ವರ. ಜಲಾಶಯಗಳ ಮೇಲೇ ಆಸಕ್ತಿ ಇದ್ದರೆ ಇದೇ ತಾಲ್ಲೂಕಿನಲ್ಲಿ ಸುವರ್ಣಮುಖಿ ನದಿಗೆ ಕಟ್ಟಿದ ಗಾಯತ್ರಿ ಜಲಾಶಯ ಇದೆ. ಚಿತ್ರದುರ್ಗದ ಕೋಟೆಯನ್ನು ಮಾತ್ರ ಇದೇ ದಿನಕ್ಕೆ ಸೇರಿಸಬೇಡಿ. ಏಳು ಸುತ್ತಿನ ಕೋಟೆಗೆ ಅರ್ಧ ದಿನವಾದರೂ ಬೇಕು, ಓಡಿಕೊಂಡು ನೋಡಿದರೆ ಎರಡೂ ಅರ್ಧಂಬರ್ಧ ಆಗುತ್ತವೆ. ಮೊದಲ ದಿನ ಕಣಿವೆ ನೋಡಿ, ರಾತ್ರಿ ಚಿತ್ರದುರ್ಗದಲ್ಲಿ ಉಳಿದು, ಮಾರನೇ ದಿನ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಕೋಟೆ ಹತ್ತಿ.